ಮೂಲೆಯ ಅರಿಶಿನ

ಇವತ್ತು ಬೆಳಿಗ್ಗೆ ಯಾರೋ ಬಾಗಿಲ ಸಂದಿಗೆ ಮದುವೆ ಕಾರ್ಡು ಸಿಕ್ಕಿಸಿ ಹೋಗಿದ್ದರು. ಮೂಲೆಯ ಹಳದಿಯನ್ನು ಮೂಗಿಗೆ ಹಿಡಿದೆ. ಅರಿಶಿನದ ವಾಸನೆಯಿಲ್ಲ, ಬರೀ ಇಂಕಿನದು. ಕಾರ್ಡು ಮೂಸಿ ನೋಡುವ ಮುದುಕಿ ಎಂದು ನೀವು ನಗಬಹುದು. ಸಾಗರ ಪೇಟೆಯ ಎಷ್ಟೋ ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚಿದ್ದು ಈ ಬೆರಳೇ.

ನಮ್ಮ ಬಾಡಿಗೆ ಮನೆಯ ಕೆಳಗೇ ಶೋಭಾಳ ಡಿಟಿಪಿ ಅಂಗಡಿ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮೊಮ್ಮಕ್ಕಳು ರಜೆಗೆ ಬಂದಾಗ ಬಿಟ್ಟರೆ ಮಧ್ಯಾಹ್ನವೆಲ್ಲ ಅಲ್ಲೇ ಕೂತು, ಕಾರ್ಡು ಮಡಚಿ ಅರಿಶಿನ ಹಚ್ಚುತ್ತ ಅವಳ ಕೆಲಸ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ಅವಳು ಬಣ್ಣಗಳಿಗೆ ಹೆಸರಿಟ್ಟಿದ್ದಳು. ಮದುವೆ ಅಕ್ಷರದ ಕೆಂಪಿಗೆ ‘ಕುಂಕುಮ’. ಸಾಲು ಸಾಲಿಗೂ ಬಣ್ಣ ಕಲೆಸುತ್ತ ಕೂರುವುದಿಲ್ಲ. ಕುಂಕುಮವನ್ನು ಒಂದು ಕಡೆ ಬದಲಾಯಿಸಿದರೆ ಆ ಫೈಲಿನ ಎಲ್ಲ ಪುಟಗಳಲ್ಲೂ ಬದಲಾಗುತ್ತದೆ. ಸಾರಿನ ಪುಡಿ ಒಮ್ಮೆ ಮಾಡಿಟ್ಟುಕೊಂಡ ಹಾಗೆ. ಹೊಸನಗರದವರೊಬ್ಬರು ಕೆಂಪು ಇನ್ನಷ್ಟು ಗಾಢ ಬೇಕೆಂದು ಮತ್ತೆ ಮತ್ತೆ ಫೋನು ಮಾಡಿದರೂ ಅವಳು ಮುಖ ಸಿಂಡರಿಸಲಿಲ್ಲ.

ನಮ್ಮವರು ತೀರಿಕೊಂಡಾಗ ಉತ್ತರಕ್ರಿಯೆಯ ಕಾರ್ಡನ್ನೂ ಅವಳೇ ಮಾಡಿದಳು. ಅವಸರಕ್ಕೆ, ತೀರ್ಥಹಳ್ಳಿಯವರ ಮದುವೆ ಕಾರ್ಡಿನ ಫೈಲಿನಲ್ಲೇ ಹೊಸ ಪುಟ ಸೇರಿಸಿ, ಕುಂಕುಮವನ್ನು ಕಪ್ಪು ಮಾಡಿದಳು. ವಾಪಸ್ ಕೆಂಪು ಮಾಡಲು ಮರೆತಳು. ಮದುವೆ ಕಾರ್ಡೂ ಕಪ್ಪಕ್ಷರದಲ್ಲಿ ಅಚ್ಚಾಗಿ ಬಂತು. ಯಾವ ಮನೆಯವರು ಒಪ್ಪುತ್ತಾರೆ, ನೀವೇ ಹೇಳಿ. ಹುಡುಗಿಯ ಅಪ್ಪ ಬಂದು ಕೂಗಾಡಿದರಂತೆ. ಇದು ಯಾರ ಸಾವಿನ ಕಪ್ಪು ಎಂದು ಕೇಳಿದರಂತೆ. ಶೋಭಾಗೆ ಸುಳ್ಳು ಬರುವುದಿಲ್ಲ, ಕಾರ್ಡಿಗೆ ಅರಿಶಿನ ಹಚ್ಚುವ ಅಜ್ಜಿಯ ಗಂಡನದು ಎಂದುಬಿಟ್ಟಳಂತೆ. ಹೊಸ ಕಾರ್ಡನ್ನು ಆ ಗಂಡ ಸತ್ತವಳು ಮುಟ್ಟಕೂಡದು ಎಂದು ಹೇಳಿ ಹೋದರಂತೆ.

ಕ್ರಿಯೆಯೆಲ್ಲ ಮುಗಿದ ಮೇಲೆ ಕೆಳಗಿಳಿದೆ. ಮನೆಯಲ್ಲಿ ಮಾತಿಗೆ ಜನವಿಲ್ಲ. ನನಗೆ ಬೇಕಿದ್ದದ್ದು ಆ ಮೇಜಿನ ಒಂದು ಬದಿ, ಅಷ್ಟೇ. ಅಲ್ಲಿ ಅರಿಶಿನದ ಬಟ್ಟಲಿರಲಿಲ್ಲ.

“ಅರಿಶಿನಾನೂ ಕಂಪ್ಯೂಟರಲ್ಲೇ ಹಾಕ್ಬಿಟ್ಟೆ ಅಜ್ಜಿ,” ಎಂದಳು ಶೋಭಾ. “ಇನ್ನು ಯಾರ ಕೈನೂ ಬೇಡ.”

“ಒಳ್ಳೇದಾಯ್ತು ಬಿಡು, ಬೆರಳು ತೊಳ್ಯೋದು ತಪ್ಪಿತು,” ಎಂದು ಮೆಟ್ಟಿಲು ಹತ್ತಿದೆ.

ನನ್ನ ಮಾನ ಉಳಿಸಲೆಂದೇ ಅವಳು ಹಾಗೆ ಮಾಡಿದ್ದು, ಗೊತ್ತು. ಆದರೆ ಮಾನ ಎದುರು ಕೂತು ಮಾತಾಡುವುದಿಲ್ಲ. ಒಂದು ಇಡೀ ಮಳೆಗಾಲ ಆ ಅಂಗಡಿಯ ಮುಂದೆ ಹಾದುಹೋದೆ, ಒಳಗೆ ಕಾಲಿಡಲಿಲ್ಲ.

ಇವತ್ತು ಬೆಳಿಗ್ಗೆ ಬಂದ ಆ ಕಾರ್ಡನ್ನು ಕಿಟಕಿಯಲ್ಲಿಟ್ಟು ನೇರ ಇಳಿದು ಹೋದೆ. ಶೋಭಾ ಎದ್ದು ನಿಂತಳು. ನಾನು ಸ್ಟೂಲು ಎಳೆದುಕೊಂಡು ಕೂತೆ.

“ಮದುವೇದು ನಂಗೆ ಬೇಡ,” ಎಂದೆ. “ಸತ್ತೋರದ್ದು ಕೊಡು, ಮಡಚ್ತೀನಿ. ಅದಕ್ಕೆ ಯಾರ ಕೈ ಅಂತ ಯಾರೂ ಕೇಳಲ್ಲ.”

ಅವಳು ಒಂದು ಕಟ್ಟು ತಂದು ನನ್ನ ಮುಂದಿಟ್ಟಳು. ಆಮೇಲೆ, ಚಾ ಹೇಳ್ಲಾ ಎಂದು ಕೇಳಿದಳು.