ನಾನು ಕೇಳಿದ ಮೂರು ದಿನ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಹನ್ನೆರಡು ವರ್ಷ ದುಡಿದಿದ್ದೆ. ಮೊದಲು ದಾರ ಕತ್ತರಿಸಿದೆ, ಆಮೇಲೆ ಜೇಬು ಹೊಲಿದೆ, ಕೊನೆಗೆ ಬೇರೆಯವರು ಹೊಲಿದದ್ದನ್ನು ನೋಡಿ ಪಾಸು ಮಾಡುವ ಕೆಲಸಕ್ಕೆ ಬಂದೆ. ಗಂಡ ತೀರಿಕೊಂಡ ಮೇಲೆ ಕುರುಗೋಡಿನಲ್ಲಿ ಅಣ್ಣನ ಮನೆಯ ಪಕ್ಕದ ಕೋಣೆಯೊಂದರಲ್ಲಿ ಬಾಡಿಗೆ ಕೊಟ್ಟು ಇದ್ದೆ. ಯಾರ ಮುಂದೂ ಕೈ ಒಡ್ಡಿದವಳಲ್ಲ.

ಒಂದು ಬುಧವಾರ ಬೇರೊಂದು ಜೀನ್ಸ್ ಯೂನಿಟ್ಟಿನ ಓನರ್ ಪಾರ್ವತಿನಗರದ ತಮ್ಮ ಆಫೀಸಿಗೆ ನನ್ನನ್ನು ಕರೆಸಿದರು. ಸಿರುಗುಪ್ಪದಲ್ಲಿ ಅವರು ಹೊಸ ಯೂನಿಟ್ಟು ಶುರು ಮಾಡಿದ್ದರು. ನಲವತ್ತು ಮಷೀನು, ಹೊಲಿಯುವವರೆಲ್ಲ ಹೆಂಗಸರು.

"ಸೂಪರ್‌ವೈಸರ್ ಆಗಿ ನೀನ ಬರಬೇಕವ್ವ. ಪಗಾರ ಚಲೋ ಕೊಡ್ತೀನಿ. ಸೋಮವಾರದಿಂದ ಬಾ" ಅಂದರು.

ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಆದರೂ, "ಮೂರು ದಿನ ಟೈಮ್ ಕೊಡ್ರಿ ಸಾರ್, ವಿಚಾರ ಮಾಡಿ ಹೇಳ್ತೀನಿ" ಅಂದೆ.

"ಇದರಾಗ ವಿಚಾರ ಮಾಡಾಕ ಏನೈತಿ?"

"ಜಾಗ ನೋಡಬೇಕ್ರಿ. ಬಸ್ಸು ಹೆಂಗದಾವ ನೋಡಬೇಕು. ಅಲ್ಲಿರೋ ಹೆಣ್ಮಕ್ಕಳನ್ನ ಮಾತಾಡಿಸಬೇಕು."

ಅವರು ನಕ್ಕರು. "ಮನ್ಯಾಗ ಕೇಳಬೇಕು ಅನ್ನು. ಕೇಳು, ಕೇಳು."

"ಮನ್ಯಾಗ ಕೇಳಾಕಲ್ರಿ, ನಾನ ವಿಚಾರ ಮಾಡಾಕ" ಅಂತ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಆಯಿತು ಹೋಗು ಎಂಬಂತೆ ಕೈ ಆಡಿಸಿದರು.

ಮರುದಿನ ಸಂಜೆ ಬಸ್ಸಿಳಿದು ಮನೆ ಹತ್ತಿರ ಬಂದರೆ ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅಣ್ಣ ಒಳಗೆ ಮುಖ ಅರಳಿಸಿಕೊಂಡು ಕೂತಿದ್ದ. "ನಿಮ್ಮ ಹೊಸ ಓನರ್ ನನಗ ಫೋನ್ ಮಾಡಿದ್ರು. ಎಷ್ಟು ಮರ್ಯಾದಿ ಕೊಟ್ಟು ಮಾತಾಡಿದ್ರು ಗೊತ್ತಾ? ಬರ್ತಾಳ್ರಿ, ಸೋಮವಾರದಿಂದ ಕಳಿಸ್ತೀನಿ ಅಂತ ಹೇಳೀನಿ."

ಸಕ್ಕರೆ ಬಾಯಲ್ಲೇ ಇತ್ತು. ಉಗುಳಬೇಕೆನಿಸಿತು. ಅಣ್ಣನ ನಂಬರನ್ನು ಓನರ್ ನಮ್ಮ ಯೂನಿಟ್ಟಿನಿಂದ ಪಡೆದಿದ್ದರು. ಕೈಯಲ್ಲಿ ಸೂಜಿ ಹೊಕ್ಕರೆ, ತಲೆ ತಿರುಗಿ ಬಿದ್ದರೆ ತಿಳಿಸಲಿ ಅಂತ ನಾನೇ ಬರೆಸಿದ್ದ ನಂಬರು ಅದು.

"ನನ್ನ ಕೇಳದ ನೀ ಹೆಂಗ ಹೇಳಿದಿ?"

"ಲೇ, ನಾ ಏನ್ ಕೆಟ್ಟದ್ದು ಮಾಡೀನಾ? ಒಳ್ಳೇ ಕೆಲಸ ಅದು!"

"ಕೆಲಸ ಒಳ್ಳೇದ ಇರಬಹುದು. ಟೈಮ್ ಕೇಳಿದಾಕಿ ನಾನು. ನಲವತ್ತೊಂದು ವರ್ಷದಾಕಿ ಅದೀನಿ. ನಲವತ್ತು ಮಂದಿ ಮ್ಯಾಲ ಕುಂದ್ರು ಅಂತಾರ, ನನ್ನ ಮಾತು ನಾನ ಆಡಾಕ ಬಿಡಂಗಿಲ್ಲ?"

ಅಣ್ಣನಿಗೆ ಅರ್ಥವಾಗಲಿಲ್ಲ. ಕೊಬ್ಬು ಅಂದ. ನಾನು ಬಂದು ನನ್ನ ಕೋಣೆಯ ಚಿಲಕ ಹಾಕಿಕೊಂಡೆ.

ಶುಕ್ರವಾರ ರಜೆ ಹಾಕಿ ಸಿರುಗುಪ್ಪಕ್ಕೆ ಹೋದೆ. ದಾರಿಯುದ್ದಕ್ಕೂ ಭತ್ತದ ಗದ್ದೆ. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಬಸ್ಸಿನೊಳಗೂ ಬರುತ್ತಿತ್ತು. ಯೂನಿಟ್ಟು ಚೆನ್ನಾಗಿಯೇ ಇತ್ತು. ಹೊಸ ಮಷೀನು, ಒಳ್ಳೆಯ ಬೆಳಕು. ನನ್ನನ್ನು ನೋಡುತ್ತಲೇ ಒಬ್ಬ ಹೆಂಗಸು, "ನೀವೇನ್ರಿ ಸೋಮವಾರದಿಂದ ಬರೋ ಮೇಡಮ್ಮು?" ಅಂದಳು. ಅಲ್ಲಿಗೂ ಸುದ್ದಿ ಮುಟ್ಟಿತ್ತು!

ಊಟದ ಹೊತ್ತಿಗೆ ಅವರ ಜೊತೆ ಕೂತೆ. ಯಾರೂ ನೀರು ಕುಡಿಯುತ್ತಿರಲಿಲ್ಲ. ಯಾಕೆ ಅಂತ ಕೇಳಿದೆ. ಹೆಂಗಸರ ಪಾಯಖಾನೆಗೆ ಬೀಗವಂತೆ, ಕೀಲಿಕೈ ಗೇಟಿನ ವಾಚ್‌ಮನ್ ಹತ್ತಿರವಂತೆ. "ಹೋದಾಗೊಮ್ಮೆ ಆ ಗಂಡಸನ್ನ ಕೇಳಬೇಕ್ರಿ. ಮತ್ತ ಬಂದ್ಯಾ ಅಂತಾನ. ಅದಕ್ಕ ನಾವು ನೀರ ಕುಡಿಯಂಗಿಲ್ಲ" ಅಂದಳು ಅದೇ ಹೆಂಗಸು.

ಶನಿವಾರ ಬೆಳಿಗ್ಗೆಯೇ ಓನರ್ ಮುಂದೆ ಹೋಗಿ ನಿಂತೆ. "ಬಾ, ಬಾ. ನಿಮ್ಮಣ್ಣ ಎಲ್ಲಾ ಹೇಳ್ಯಾನ" ಅಂದರು.

"ಅವನು ಬರೋದಾದ್ರ ಅವನಿಗೇ ಸೂಪರ್‌ವೈಸರ್ ಕೆಲಸ ಕೊಡ್ರಿ. ನೀವು ನನಗ ಕೊಟ್ಟಿದ್ದ ಮೂರು ದಿನ ಅವನಿಗೆ ಕೊಟ್ರಿ. ನನ್ನ ಮೂರು ದಿನ ಇವತ್ತಿಂದ ಶುರು."

ಅವರು ಕೆಂಪಗಾದರು. "ಏನಮ್ಮ, ಕೆಲಸ ಕೊಡೋರಿಗೇ ವಾಯಿದೆ ಹಾಕ್ತಿ? ಬ್ಯಾರೆಯವರನ್ನ ನೋಡ್ತೀನಿ."

"ನೋಡ್ರಿ" ಅಂದು ಮೆಟ್ಟಿಲಿಳಿದೆ. ಇಳಿದ ಮೇಲೆ ಹೆದರಿಕೆಯಾಯಿತು. ಹಳೆಯ ಯೂನಿಟ್ಟಿನಲ್ಲೂ ನಾನು ಕೆಲಸ ಬಿಡುವ ಸುದ್ದಿ ಹಬ್ಬಿತ್ತು, ಎರಡೂ ಕೈತಪ್ಪಿದರೆ ಏನು ಗತಿ? ಆದರೆ ಹತ್ತಿ ಹೋಗಿ ತಪ್ಪಾಯಿತು ಅನ್ನಲು ಕಾಲು ಬರಲಿಲ್ಲ.

ಅಣ್ಣ ಮಾತು ಬಿಟ್ಟ. ಭಾನುವಾರ ಅವನು ಹೊರಗೆ ಹೋದದ್ದು ನೋಡಿ ಅತ್ತಿಗೆ ರೊಟ್ಟಿ ತಂದಳು. "ನನ್ನ ಮದುವಿ ಟೈಮಿನಾಗ ನನ್ನೂ ಯಾರೂ ಕೇಳಲಿಲ್ಲ ನೋಡು" ಅಂತಷ್ಟೇ ಅಂದು ಹೋದಳು.

ಮಂಗಳವಾರ ಫೋನ್ ಮಾಡಿದೆ. "ಬರ್ತೀನ್ರಿ. ಆದ್ರ ಪಾಯಖಾನಿ ಕೀಲಿಕೈ ಹೆಣ್ಮಕ್ಕಳ ಹತ್ರ ಇರಬೇಕು. ಮತ್ತ ನನಗ ಹೇಳೋ ಮಾತು ನನಗ ಹೇಳಬೇಕು."

"ಬಾ" ಅಂದು ಫೋನ್ ಇಟ್ಟರು. ಅವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಗುರುವಾರ ಸೇರಿದೆ. ಬೀಗವನ್ನೇ ತೆಗೆಸಿದ್ದರು. ಆ ಓನರ್ ಕೆಟ್ಟವರಲ್ಲ, ಪಗಾರ ಒಂದು ದಿನವೂ ತಡ ಮಾಡಲಿಲ್ಲ. ಅಣ್ಣನೂ ಕೆಟ್ಟವನಲ್ಲ, ದಸರೆಯ ಹೊತ್ತಿಗೆ ತಾನಾಗಿ ಮಾತಾಡಿಸಿದ. ಇಬ್ಬರೂ ಇವತ್ತಿಗೂ, ಈಕೆಗೆ ಒಳ್ಳೇದು ಮಾಡಿದೆವು, ಸುಮ್ಮನೆ ರಂಪ ಮಾಡಿದಳು ಅಂತಲೇ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.