ಜಯತೀರ್ಥ ಮಾಸ್ತರರ ಬಿಟ್ಟ ಸ್ಥಳ

ಜಯತೀರ್ಥ ಮಾಸ್ತರರಿಗೆ ಲಕ್ವಾ ಹೊಡೆದು ಮಾತು ಹೋಯಿತೆಂಬ ಸುದ್ದಿ ರೋಣದಿಂದ ನರಗುಂದಕ್ಕೆ, ಅಲ್ಲಿಂದ ಗಜೇಂದ್ರಗಡಕ್ಕೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನರಗುಂದದ ಹೈಸ್ಕೂಲಿನಲ್ಲಿ ಅವರ ಹತ್ತಿರ ಇಂಗ್ಲಿಷ್ ಕಲಿತ ಮಕ್ಕಳು ಈಗ ಈ ಮೂರೂ ಊರುಗಳ ಅಂಗಡಿ, ಕಚೇರಿ, ಕೋರ್ಟು, ಬಸ್ ಡಿಪೋಗಳಲ್ಲಿ ತುಂಬಿಕೊಂಡಿದ್ದರು. ಕೇಳಿದವರೆಲ್ಲ ಮರುಗಿದರು. ಮಾತಿನಿಂದಲೇ ಬದುಕಿದವರಿಗೆ ಹೀಗಾಗಬಾರದಿತ್ತು ಎಂದರು.

ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು ಲಾಡಸಾಬರು. ನಿವೃತ್ತರಾಗುವವರೆಗೂ ಇಬ್ಬರೂ ರೋಣದಿಂದ ಒಂದೇ ಬಸ್ಸಿನಲ್ಲಿ ಹೋಗಿಬಂದವರು. ಕಿಟಕಿಯ ಸೀಟು ಯಾವಾಗಲೂ ಜಯತೀರ್ಥರದು, ಮಾತೂ ಅವರದೇ. ಗೆಳೆಯ ದವಾಖಾನೆಯಿಂದ ಮನೆಗೆ ಬಂದ ದಿನ ಲಾಡಸಾಬರು ಮಂಚದ ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಪ್ರತಿ ಮಧ್ಯಾಹ್ನ ಅದೇ ಅವರ ಜಾಗವಾಯಿತು.

ಜಯತೀರ್ಥರು ಎಂಟನೇ ಇಯತ್ತೆಯವರಿಗೆ ವರ್ಷದ ಮೊದಲ ಪಾಠವೆಂದು ಕಲಿಸುತ್ತಿದ್ದುದು ಒಂದೇ ಒಂದು ಶಬ್ದವನ್ನು: ರನ್. ಪುಸ್ತಕ ತೆಗೆಯುವಂತಿರಲಿಲ್ಲ, ಡಿಕ್ಷನರಿ ಮುಟ್ಟುವಂತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯಿಂದ, ಕೇರಿಯಿಂದ ಒಂದು ‘ರನ್’ ಹುಡುಕಿ ತರಬೇಕು. ಓಡುವುದೊಂದನ್ನೇ ಹಿಡಿದು ಬಂದವನಿಗೆ ಬಾಗಿಲಲ್ಲೇ ಬೈಗುಳ. ಮೂಗು ಸೋರಿದರೂ ರನ್, ನಳದ ನೀರು ಹರಿದರೂ ರನ್. ಗಡಿಯಾರ ನಡೆಯುವುದು, ಅಪ್ಪ ಅಂಗಡಿ ನಡೆಸುವುದು, ಅವ್ವ ಮನೆ ತೂಗಿಸುವುದು, ಗಜೇಂದ್ರಗಡದ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಡುವುದು, ಡಬ್ಬಿಯಲ್ಲಿ ಹಿಟ್ಟು ತೀರುವುದು ಎಲ್ಲವೂ ರನ್. “ಇಲೆಕ್ಷನ್ನಿಗೆ ನಾವು ನಿಲ್ತೀವಿ, ಇಂಗ್ಲಿಷಿನವರು ಓಡ್ತಾರ. ಬೀಳೂದು ಮಾತ್ರ ಎರಡೂ ಕಡೆ ಒಂದ ನಮೂನಿ,” ಎಂದು ನಗಿಸುತ್ತಿದ್ದರು. ಅವರು ಹುಟ್ಟಿದ್ದು ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ. ಯಾರಾದರೂ ‘ಹೊಳೆ ಹರಿಯುತ್ತದೆ’ ಎಂದರೆ, “ನಮ್ಮೂರಾಗ ಅದು ಹರಿಯೂದಿಲ್ಲೋ, ಸೀದಾ ಅಡಗಿ ಮನಿಗೇ ಬರ್ತದ,” ಎನ್ನುತ್ತಿದ್ದರು.

ಕಲಿಸುವ ರೀತಿಯೂ ಅವರದೇ. ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಬಲಗೈ ಮೇಲೆತ್ತಿ ಹುಬ್ಬು ಹಾರಿಸುವರು. ಬಿಟ್ಟ ಸ್ಥಳವನ್ನು ಇಡೀ ವರ್ಗ ಕೂಗಿ ತುಂಬಬೇಕು. ಆ ಕೂಗಿಗೆ ಪಕ್ಕದ ಕೋಣೆಯಲ್ಲಿ ಲಾಡಸಾಬರ ಷಟ್ಪದಿ ಎಷ್ಟೋ ಸಲ ತಾಳ ತಪ್ಪಿತ್ತು.

“ಸಣ್ಣ ಸಣ್ಣ ಶಬ್ದ ಮಾತಾಡಸ್ರಿ, ಆದರ ದಣಿಸಬ್ಯಾಡ್ರಿ,” ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಶಿಷ್ಯರ ಕಿವಿಗೆ ಮೊದಲರ್ಧವಷ್ಟೇ ಬಿತ್ತು. ರೋಣದ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದ ಹೇಮಂತ ಎಲ್ಲರಿಗಿಂತ ಮೊದಲು ಬಂದ. ಮಂಚದ ಎದುರು ನಿಂತು, ಥೇಟ್ ಗುರುಗಳ ಹಾಗೆ ಕೈ ಎತ್ತಿದ.

“ಸರ್, ದ ಬಸ್ ಈಸ್…?”

ಜಯತೀರ್ಥರ ತುಟಿ ಸೊಟ್ಟಗಾಗಿ ಅಲುಗಿತು. “ಅ… ಅ…” ಎಂದರು. ಹಣೆಯ ಮೇಲೆ ಬೆವರು ಒಡೆಯಿತು.

“ಬರ್ತೈತ್ರಿ ಸರ್, ಬಾಯಾಗ ಐತಿ! ದ ಬಸ್ ಈಸ್…?”

ಲಾಡಸಾಬರೂ ಮುಂದಕ್ಕೆ ಬಾಗಿದ್ದರು. ಆ ದನಿ ಇನ್ನೊಮ್ಮೆ ಕೇಳಬೇಕೆಂಬ ಆಸೆ ಅವರಿಗೇನೂ ಕಡಿಮೆಯಿರಲಿಲ್ಲ.

ಅದರ ಮೇಲೆ ಮಂದಿ ಬರುವುದು ನಿಲ್ಲಲೇ ಇಲ್ಲ. ವಕೀಲರು ಬಂದರು, ನೇಕಾರರು ಬಂದರು, ಬೆಳವಣಕಿಯಿಂದ ರೈತರು ಹೊಲದ ಕೆಲಸ ಬಿಟ್ಟು ಬಂದರು. ಎಲ್ಲರಿಗೂ ಪ್ರೀತಿಯೇ. ಎಲ್ಲರ ಹತ್ತಿರವೂ ಎಂಟನೇ ಇಯತ್ತೆಯ ತಮ್ಮ ತಮ್ಮ ವಾಕ್ಯ ಇತ್ತು. ಅರ್ಧಕ್ಕೆ ನಿಲ್ಲಿಸಿ, ಕೈ ಎತ್ತಿ ಕಾಯುವರು. ಚಹಾ ಕಾಸಿ ಕಾಸಿ ಮಾಸ್ತರರ ಹೆಂಡತಿ ಸಾವಿತ್ರಿಬಾಯಿ ಸೋತುಹೋದರು.

“ಲಾಡಸಾಬಣ್ಣ, ಮುಂಜಾನಿಂದ ಈ ಹುಡುಗರ ಮೂಗು ಎಷ್ಟ ಸಲ ಸೋರಿತೋ, ನಳ ಎಷ್ಟ ಸಲ ಹರೀತೋ ನನಗಂತೂ ಲೆಕ್ಕಿಲ್ಲ,” ಎಂದು ನಗಲು ಹೋದರು. ನಗೆ ಪೂರ್ತಿ ಬರಲಿಲ್ಲ. “ಇವರು ಊಟಾ ಬಿಟ್ಟಾರ. ತುತ್ತು ಬಾಯಿಗೆ ಒಯ್ದ್ರ ಹಲ್ಲು ಕಚ್ಚತಾರ.”

ಲಾಡಸಾಬರು ಗೆಳೆಯನ ಮುಖ ನೋಡಿದರು. ಹೊರಗೆ ಗೇಟಿನ ಚಿಲಕ ಸದ್ದಾಯಿತು. ಜಯತೀರ್ಥರ ಕಣ್ಣು ಬಾಗಿಲಿಗೆ ಹೋಗಿ ಗಕ್ಕನೆ ಮುಚ್ಚಿಕೊಂಡವು. ಆ ಮುಖ ಲಾಡಸಾಬರಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರ ಬಾರದ ಹುಡುಗ, ಮಾಸ್ತರರ ಬೆರಳು ತನ್ನ ಕಡೆ ತಿರುಗದಿರಲಿ ಎಂದು ಹಿಂದಿನ ಬೆಂಚಿನಲ್ಲಿ ಮಾಡುವ ಮುಖ ಅದು. ಇದನ್ನು ನಿಲ್ಲಿಸಬೇಕು ಅನ್ನಿಸಿತು. ನಿಲ್ಲಿಸಿದರೆ ಮಾತು ಎಂದೂ ಬಾರದೇ ಹೋಗಬಹುದು ಅಂತಲೂ ಅನ್ನಿಸಿತು. ಎರಡು ದಿನ ಯಾವುದನ್ನೂ ಮಾಡಲಾರದೆ ಕುಳಿತಿದ್ದರು.

ಆಮೇಲೊಂದು ಮಧ್ಯಾಹ್ನ ಹೇಮಂತ ಗಜೇಂದ್ರಗಡದ ಹಳೆಯ ವರ್ಗಮಿತ್ರರನ್ನು ಕಟ್ಟಿಕೊಂಡು ಬಂದ. ಲಾಡಸಾಬರು ಎದ್ದು ಹೋಗಿ ಹೊಸ್ತಿಲಲ್ಲೇ ನಿಂತರು.

“ಇವತ್ತ ಬ್ಯಾಡ, ಹೇಮಂತ.”

“ಯಾಕ್ರಿ ಸರ್, ಮಲಗ್ಯಾರೇನ್ರಿ?”

“ಎಚ್ಚರ ಅದಾರ. ಅದಕ್ಕ ಬ್ಯಾಡ ಅಂದೆ. ಇವತ್ತ ಅಷ್ಟ ಅಲ್ಲ, ಇನ್ನ ಮ್ಯಾಲೂ ಬ್ಯಾಡ.”

ಹೇಮಂತನ ಮುಖ ಕೆಂಪಾಯಿತು. “ನಾವ ಕೈ ಬಿಟ್ರ ಅವರಿಗೆ ಮಾತು ಹ್ಯಾಂಗ ಬರಬೇಕ್ರಿ? ನೀವು ಕನ್ನಡದ ಮಾಸ್ತರು, ನಿಮಗ ಆ ಪಾಠದ ಕಿಮ್ಮತ್ತು ತಿಳೀದು.”

“ಪಾಠ ನೆನಪಿಟ್ಟೀರಿ, ಭಾಳ ಚಲೋ ಆತು. ಮಾಸ್ತರನ ಮಾರಿ ನೋಡೀರೇನು? ದಿನಾ ಪರೀಕ್ಷಾ, ದಿನಾ ನಪಾಸು. ಎಷ್ಟ ದಿನ ತಡಕೋಬೇಕಪಾ ಆ ಜೀವ?”

“ಮಾತು ಬರದ ಹೋದ್ರ?”

ಲಾಡಸಾಬರು ಒಮ್ಮೆ ಒಳಗಿನ ಮಂಚದ ಕಡೆ ನೋಡಿದರು. “ಹೋಗ್ಲಿ,” ಎಂದರು.

ಗೇಟು ದೊಡ್ಡ ಸದ್ದಿನೊಂದಿಗೆ ಮುಚ್ಚಿತು. ಲಾಡಸಾಬರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಹೋದ್ರೇನು?” ಒಳಗಿನಿಂದ ಸಾವಿತ್ರಿಬಾಯಿ ಕೇಳಿದರು.

“ಹೋದ್ರು, ವೈನಿ.”

“ಸಿಟ್ಟಾದ್ರೇನು?”

“ಆದ್ರು.”

“ಆಗ್ಲಿ ಬಿಡ್ರಿ. ಒಳಗ ಬರ್ರಿ, ಚಹಾ ಇಟ್ಟೇನಿ. ನಮ್ಮ ಮೂರ ಮಂದಿಗಷ್ಟ.”

ಆ ವಾರದೊಳಗೆ ಜಯತೀರ್ಥರು ಗಂಜಿ ಕುಡಿದರು. ಆಮೇಲೆ ಮೊಸರನ್ನ ತಿಂದರು. ಲಾಡಸಾಬರು ಅವರಿಗೆ ಪೇಪರ್ ಓದಿ ಹೇಳುತ್ತಿದ್ದರು: ಕಡಲೆಯ ಧಾರಣೆ, ಮರಣದ ಸುದ್ದಿ, ಎಲ್ಲಿಯದೋ ಕ್ರಿಕೆಟ್ಟು. ಒಂದು ಮಧ್ಯಾಹ್ನ ಹಾಳೆ ತಿರುವಲೆಂದು ವಾಕ್ಯದ ನಡುವೆ ನಿಂತರು. ತಲೆಯೆತ್ತಿದರೆ ಗೆಳೆಯನ ಕಣ್ಣಲ್ಲಿ ಮತ್ತೆ ಅದೇ ಗಾಬರಿ. ಆ ಬಿಟ್ಟ ಸ್ಥಳ ತಾವೇ ತುಂಬಬೇಕೆಂದು ಜಯತೀರ್ಥರು ತಿಳಿದಿದ್ದರು. ಲಾಡಸಾಬರು ಗಡಬಡಿಸಿ, ಬಾಯಿಗೆ ಬಂದ ಏನನ್ನೋ ಹೇಳಿ ವಾಕ್ಯ ಮುಗಿಸಿದರು. ಅಂದಿನಿಂದ ಒಂದೊಂದು ಸುದ್ದಿಯನ್ನೂ ಮೊದಲು ತಾವು ಓದಿಕೊಂಡು, ಆಮೇಲೆ ಎಲ್ಲಿಯೂ ತಡೆಯದೆ ಓದಿ ಹೇಳಿದರು. ಕೆಮ್ಮು ಬಂದರೆ ನುಂಗಿಕೊಂಡರು.

ಚಳಿ ಕಡಿಮೆಯಾಗುವ ಹೊತ್ತಿಗೆ ಜಯತೀರ್ಥರು ತೀರಿಕೊಂಡರು. ಉಂಡು ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ಹೇಮಂತ ಡ್ಯೂಟಿ ಬಟ್ಟೆಯಲ್ಲೇ ಬಂದ. ಗುರುಗಳ ಕಾಲು ಮುಟ್ಟಿ, ಹೊರಗೆ ಬಂದು, ಬಹಳ ಹೊತ್ತಿನ ಮೇಲೆ ಲಾಡಸಾಬರ ಹತ್ತಿರ ನಿಂತ.

“ಕಡೀಕ ಏನರ ಅಂದ್ರೇನ್ರಿ ಸರ್?”

“ಏನೂ ಅನ್ನಲಿಲ್ಲಪಾ. ಅನ್ನು ಅಂತ ನಾವೂ ಹೇಳಲಿಲ್ಲ.”

ಹೇಮಂತ ತಲೆಯಾಡಿಸಿದ. ಬಂದವರಿಗೆ ಕೂರಲು ಕುರ್ಚಿ ಸಾಲುತ್ತಿರಲಿಲ್ಲ. ಪಕ್ಕದ ಮನೆಯಿಂದ ಇನ್ನಷ್ಟು ತರಲು ಹೋದ.