ನನ್ನ ಪಟ್ಟಿಯಲ್ಲಿಲ್ಲದ ಜಾಗ

ಮಂಗಳೂರಿನಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಲಾಡ್ಜಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುವುದು ನನ್ನ ಕೆಲಸ. ಊರು ನೋಡಲು ಬಂದವರು ಕೀಲಿ ಕೈಗೆ ಸಿಕ್ಕ ತಕ್ಷಣ ಕೇಳುವುದು ಎರಡೇ: ಊಟ ಎಲ್ಲಿ ಚೆನ್ನಾಗಿರುತ್ತದೆ, ಸುತ್ತಾಡಲು ಎಲ್ಲಿಗೆ ಹೋಗಬಹುದು. ಹೇಳಿದ್ದನ್ನೇ ಹೇಳಿ ಬೇಜಾರಾಗಿ, ಒಂದು ಮಧ್ಯಾಹ್ನ ಕೂತು ಹದಿನಾಲ್ಕು ಸಾಲಿನ ಪಟ್ಟಿ ಬರೆದೆ. ನೀರುದೋಸೆಗೆ ಯಾವ ಗಲ್ಲಿ, ಮೀನೂಟಕ್ಕೆ ಯಾವ ಹೋಟೆಲು, ಎಷ್ಟು ಗಂಟೆಗೆ ಹೋದರೆ ಗೋಳಿಬಜೆ ಬಿಸಿ ಸಿಗುತ್ತದೆ, ಹೊಳೆ ದಾಟಿಸುವ ದೋಣಿ ಎಲ್ಲಿ ಹತ್ತಬೇಕು, ಯಾವ ಬೀಚಿನಲ್ಲಿ ಮಕ್ಕಳನ್ನು ನೀರಿಗೆ ಬಿಡಬಾರದು, ಎಲ್ಲ ಇತ್ತು ಅದರಲ್ಲಿ. ಲಾಡ್ಜಿನ ಯಜಮಾನರು ಜೆರಾಕ್ಸ್ ಮಾಡಿಸಿ ಪ್ರತಿ ರೂಮಿನಲ್ಲೂ ಒಂದೊಂದು ಇಡಿಸಿದರು. ಮೊಳಕಾಲ್ಮುರಿನ ಮಗ್ಗದ ಮನೆಯಿಂದ ಬಂದವಳು ಕಡಲ ಊರನ್ನು ಜನಕ್ಕೆ ತೋರಿಸಿಕೊಡುತ್ತೇನೆ ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆ ಪಟ್ಟಿ ಹಿಡಿದುಕೊಂಡು ನಮ್ಮ ನಾಯ್ನನನ್ನು ಐದು ದಿನ ತಿರುಗಿಸಿದೆ, ಹೋದಲ್ಲೆಲ್ಲ ಉಣ್ಣಿಸಿದೆ. ನಮ್ಮ ಮನೆಮಾತು ತೆಲುಗು, ಅಪ್ಪನಿಗೆ ನಾಯ್ನ ಅನ್ನುತ್ತೇವೆ. ಆಗ ಅವನ ಅನ್ನನಾಳದಲ್ಲಿ ಗಡ್ಡೆ ಬೆಳೆಯುತ್ತಿತ್ತು. ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚಳ್ಳಕೆರೆಯ ಡಾಕ್ಟರೊಬ್ಬರು ಚೀಟಿ ಬರೆದುಕೊಟ್ಟಿದ್ದರು. ಐದೂ ದಿನ ಆ ಚೀಟಿ ಅವನ ಜೇಬಿನಲ್ಲೇ ಇತ್ತು. ನನಗೆ ತೋರಿಸಲಿಲ್ಲ. ತೋರಿಸಲು ನಾನು ಬಿಡಲಿಲ್ಲ ಅನ್ನುವುದು ಹೆಚ್ಚು ಸರಿ.

ನಾಯ್ನ ನನ್ನ ಮನೆಗೆ ಬಂದದ್ದು ಅದೇ ಮೊದಲು. ಚಳ್ಳಕೆರೆಯ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಕರಾವಳಿಯ ಹುಡುಗನನ್ನು ಮದುವೆಯಾಗುತ್ತೇನೆ ಎಂದು ನಾನು ಹಟ ಹಿಡಿದಾಗ ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮಗ್ಗದ ಗುಂಡಿಗೆ ಇಳಿದು ಕೂತವನು ತಲೆ ಎತ್ತಲೇ ಇಲ್ಲ. ಮದುವೆಗೆ ತಮ್ಮ ಬಂದ, ನಾಯ್ನ ಬರಲಿಲ್ಲ. ಎಂಟು ವರ್ಷ ಹಾಗೇ ಕಳೆಯಿತು. ಹಬ್ಬಕ್ಕೆ ಫೋನು ಮಾಡಿದರೆ "ಚೆನ್ನಾಗಿದೀಯಾ?" ಎಂದು ಕೇಳಿ ತಮ್ಮನ ಕೈಗೆ ಕೊಟ್ಟುಬಿಡುತ್ತಿದ್ದ. ಅಂಥವನು ಒಂದು ದಿನ ತಾನೇ ಫೋನು ಮಾಡಿ, "ಅಮ್ಮಾಯೀ, ನಿಮ್ಮೂರಿಗೆ ಬರ್ತೀನಿ, ನಾಕು ದಿನ ಇರ್ತೀನಿ" ಅಂದ. ನಾನು ಲಾಡ್ಜಿನಲ್ಲೇ ಅತ್ತುಬಿಟ್ಟೆ. ಎಂಟು ವರ್ಷದ ಮುನಿಸು ಮುಗಿಯಿತು, ನನ್ನನ್ನು ನೋಡಲೆಂದೇ ಬರುತ್ತಿದ್ದಾನೆ ಅಂದುಕೊಂಡೆ. ಐದು ದಿನ ರಜೆ ಹಾಕಿದೆ.

ಮೊದಲ ದಿನ ಮುದ್ದೆ ಮಾಡಿದೆ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುವುದೇ. ನಾಯ್ನ ನುಂಗುವುದನ್ನು ಚಿಕ್ಕಂದಿನಲ್ಲಿ ನಾವು ಆಟದಂತೆ ನೋಡುತ್ತಿದ್ದೆವು. ನಿಂಬೆಹಣ್ಣಿನಷ್ಟು ತುಂಡು ಬಾಯಿಗೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅಂಥವನು ಅಂದು ಉಗುರಿನಷ್ಟು ಮುರಿದು, ಬಾಯಲ್ಲಿಟ್ಟು, ನೀರು ಕುಡಿದು, ತಟ್ಟೆ ಸರಿಸಿದ.

"ಯಾಕೆ ನಾಯ್ನಾ?"

"ಈ ಊರ ನೀರಿಗೆ ಮುದ್ದೆ ಸರಿ ಬರಾಕಿಲ್ಲ ಬಿಡು."

ನನಗೆ ಮೂಗಿನ ತುದಿಯಲ್ಲೇ ಕೋಪ. ಎಂಟು ವರ್ಷ ಆದ ಮೇಲೂ ಈ ಊರಿನ ನೀರಿನಲ್ಲೇ ತಪ್ಪು ಹುಡುಕುತ್ತಾನಲ್ಲ ಅನ್ನಿಸಿತು. ಸರಿ, ಈ ಊರಿನದನ್ನೇ ತಿನ್ನಿಸಿ ಇವನನ್ನು ಒಪ್ಪಿಸುತ್ತೇನೆ ಎಂದು ಮಾರನೇ ಬೆಳಿಗ್ಗೆ ನನ್ನ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ. ನಾಯ್ನ ಕನ್ನಡಕ ಹಾಕಿಕೊಂಡು ಹದಿನಾಲ್ಕೂ ಸಾಲು ಓದಿದ. ಆಮೇಲೆ ಪೆನ್ನು ತೆಗೆದು ಪ್ರತಿ ಸಾಲಿನ ಮುಂದೆ ಒಂದು ಪುಟ್ಟ ಚೌಕ ಬರೆದ.

ಅದು ಅವನ ಹಳೇ ಚಟ. ಸೀರೆಯ ಅಂಚಿನ ಚಿತ್ತಾರವನ್ನು ನೇಯುವ ಮೊದಲು ಗ್ರಾಫ್ ಹಾಳೆಯಲ್ಲಿ ಬರೆಯುತ್ತಾರೆ. ತುಂಬಿಸಿದ ಚೌಕಕ್ಕೆ ಎಳೆ ಮೇಲೇಳಬೇಕು, ಖಾಲಿ ಚೌಕಕ್ಕೆ ಕೆಳಗೇ ಇರಬೇಕು. ಒಂದು ಚೌಕ ತಪ್ಪಿದರೆ ಹಂಸದ ಕೊಕ್ಕು ಮುರಿದು ಕಾಣುತ್ತದೆ. ಆ ಕೆಲಸ ಮಾಡಿ ಮಾಡಿ ಅವನಿಗೆ ಸಂತೆ ಸಾಮಾನಿನ ಚೀಟಿಗೂ ಚೌಕ ಬೇಕಾಗಿತ್ತು. ಮನೆಗೆ ಬಂದ ಸಾಮಾನಿಗೆ ತುಂಬಿದ ಚೌಕ, ಸಿಗದ ಸಾಮಾನಿಗೆ ಖಾಲಿ ಚೌಕ. ಸಾಯಂಕಾಲ ಮನೆಗೆ ಬಂದು ಅವನು ಆ ಹಾಳೆ ಬಿಚ್ಚಿ ಚೌಕಗಳ ಮೇಲೆ ಬಗ್ಗಿ ಕೂತರೆ, ತಿರುಗಾಟದ ಲೆಕ್ಕ ಇಡುತ್ತಿದ್ದಾನೆ ಎಂದು ನನಗೆ ಹಿಗ್ಗು.

ನೀರುದೋಸೆ ಅವನಿಗೆ ಹಿಡಿಸಿತು. ಎರಡು ತಿಂದ, ಮೂರನೆಯದನ್ನೂ ಕೇಳಿದ. "ಮೆತ್ತಗೆ ಐತೆ, ತಾನೇ ಜಾರ್ತೈತೆ" ಅಂದ. ಗಂಜಿ ಕುಡಿದ. ಎಳನೀರಿನ ತಿರುಳನ್ನು ಚಮಚದಲ್ಲಿ ಕೆರೆದು ಬಾಯಲ್ಲಿ ಕರಗಿಸಿದ. ಐಸ್‌ಕ್ರೀಮಿನ ಅಂಗಡಿಯಲ್ಲಿ ದೊಡ್ಡ ಗಾಜಿನ ಲೋಟ ಖಾಲಿ ಮಾಡಿ, ತಳದ ಹಣ್ಣಿನ ಚೂರುಗಳನ್ನು ಮಾತ್ರ ನನಗೆ ಬಿಟ್ಟ. ನನ್ನ ಗಂಡನಿಗೆ ಆ ದಿನವೇ ಹೇಳಿದೆ, ನೋಡಿ, ಮುದ್ದೆ ಬಿಟ್ಟು ಬೇರೇನೂ ಮುಟ್ಟದವನು ನಿಮ್ಮೂರಿನ ಊಟಕ್ಕೆ ಹೇಗೆ ಒಗ್ಗಿದ. ಗಂಡನಿಗೂ ಖುಷಿ. ಗರಿಗರಿ ರೊಟ್ಟಿಗೆ ಕೋಳಿ ಸಾರು ಸುರಿದು ತಿನ್ನುವ ಹೋಟೆಲಿಗೆ ಕರೆದುಕೊಂಡು ಹೋದರೆ, ನಾಯ್ನ ಅದು ನೆನೆದು ಹಿಟ್ಟಾಗುವವರೆಗೆ ಸುಮ್ಮನೆ ಕಾದು ಕೂತ.

"ಮಾವನಿಗೆ ಯಾರು ಹೇಳಿಕೊಟ್ಟದ್ದು? ನಮ್ಮವರ ಹಾಗೇ ತಿನ್ನುತ್ತಾರಲ್ಲ!" ಎಂದು ಗಂಡ ನಕ್ಕರು. ನಾಯ್ನನೂ ನಕ್ಕ. ಅರ್ಧ ತಟ್ಟೆ ಹಾಗೇ ಉಳಿಯಿತು.

ಗಂಡ ಜೊತೆಗಿದ್ದಾಗ ಇರಲಿ, ನಾವಿಬ್ಬರೇ ಇದ್ದಾಗಲೂ ಅವನು ಕನ್ನಡವನ್ನೇ ಆಡುತ್ತಿದ್ದ. ಅಳಿಯನಿಗೆ ಮರೆಮಾಡಿ ಮಾತಾಡಿದಂತೆ ಆಗಬಾರದು ಎಂದು ಇರಬೇಕು. ಸಮುದ್ರದ ಮುಂದೆ ನಿಲ್ಲಿಸಿ ಹೇಗಿದೆ ಎಂದು ಕೇಳಿದರೆ ಬಹಳ ಹೊತ್ತು ನೋಡಿ, "ದೊಡ್ಡಉಳ್ಳಾರ್ತಿ ಕಾವಲು ಇದ್ದಂಗೆ ಐತೆ, ಹುಲ್ಲಿಲ್ಲ ಅಷ್ಟೇ" ಅಂದ. ನಮ್ಮ ಕಡೆಯ ದೊಡ್ಡ ಹುಲ್ಲುಗಾವಲು ಅದು. ನಾನು ನಕ್ಕೂ ನಕ್ಕೂ ಮರಳಿನ ಮೇಲೆ ಕೂತುಬಿಟ್ಟೆ. ಅವನು ಪಂಚೆ ಎತ್ತಿಕೊಂಡು ಪಾದ ಮುಳುಗುವಷ್ಟು ನೀರಿಗೆ ಹೋಗಿ ಬಂದ. ಮೈ ಇಳಿದುಹೋಗಿತ್ತು. ವಯಸ್ಸಾಯಿತು ಅಂದುಕೊಂಡೆ.

ಚಿಕ್ಕಂದಿನಲ್ಲಿ ನಮ್ಮನ್ನು ಅವನು ತಿರುಗಾಡಲು ಕರೆದುಕೊಂಡು ಹೋಗುತ್ತಿದ್ದ ಜಾಗ ಒಂದೇ, ಜಟಿಂಗ ರಾಮೇಶ್ವರ. ಒಂದು ಸೀರೆ ಮಗ್ಗದಿಂದ ಇಳಿದು ಇನ್ನೊಂದು ಏರುವ ನಡುವೆ ಸಿಗುವ ಬಿಡುವಿನಲ್ಲಿ ಹೋಗುವುದು. ಬೆಟ್ಟ ಹತ್ತಿ ಮುಗಿಯುವವರೆಗೆ ಬುತ್ತಿ ಬಿಚ್ಚುವಂತಿಲ್ಲ. ಮೇಲೆ ಬಂಡೆಯ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಎಲ್ಲರದೂ ಆದ ಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿ ಹೊಟ್ಟೆ ತುಂಬಿತಾ ಎಂದು ಕೇಳುತ್ತಿದ್ದ. ಆಗಿನ್ನೂ ಬದುಕಿದ್ದ ಅಮ್ಮನನ್ನೂ ಕೇಳುತ್ತಿದ್ದ. ಎಲ್ಲರೂ ಹೂಂ ಅನ್ನುವವರೆಗೆ ಬುತ್ತಿ ಗಂಟು ಕಟ್ಟಲು ಬಿಡುತ್ತಿರಲಿಲ್ಲ. ಈ ಐದು ದಿನದಲ್ಲಿ ನಾನು ಅವನನ್ನು ಕೇಳಿದ್ದು ಬೇರೆ. ರುಚಿ ಹೇಗಿದೆ, ಚೆನ್ನಾಗಿದೆಯಾ, ನಮ್ಮೂರಿಗಿಂತ ಚೆನ್ನಾಗಿದೆಯಾ ಎಂದು ಕೇಳಿದೆ.

ನಾಲ್ಕನೇ ದಿನ ದೀಪಸ್ತಂಭದ ಗುಡ್ಡದ ಉದ್ಯಾನಕ್ಕೆ ಸಿಟಿ ಬಸ್ಸಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ದೊಡ್ಡ ಆಸ್ಪತ್ರೆ ಬಂತು. ಬಸ್ಸು ಅದರ ಮುಂದೆ ನಿಂತು ಜನ ಇಳಿದರು. ನಾಯ್ನ ಕಿಟಕಿಯಿಂದ ಬಗ್ಗಿ, ಕಟ್ಟಡದ ತುದಿ ಕಾಣುವವರೆಗೆ ಕತ್ತೆತ್ತಿ ನೋಡಿದ.

"ದೊಡ್ಡ ಆಸ್ಪತ್ರೆ ಅಂದ್ರೆ ಇದೇನಾ ಅಮ್ಮಾಯೀ?"

"ಹೂಂ."

"ನಮ್ಮ ಕಡೆಯೋರು ಬಾಳ ಜನ ಇಲ್ಲಿಗೇ ಬರ್ತಾರಂತಲ್ಲ. ನಾವು ಒಳಗೆ ಹೋಗಿ ನೋಡ್ಬೋದಾ?"

ಅವನ ಕೈ ಜೇಬಿನ ಮೇಲಿತ್ತು. ಈಗ ನೆನೆದರೆ ಆ ಕೈ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಆಗ ಕಾಣಲಿಲ್ಲ. ನಾನು ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. "ಅದೇನು ನೋಡೋ ಜಾಗನಾ ನಾಯ್ನಾ? ನನ್ನ ಪಟ್ಟೀಲಿ ಅದು ಇಲ್ಲ!"

ಅವನೂ ನಕ್ಕು, "ಹೌದಲ್ಲ, ಇಲ್ಲ" ಅಂದ. ಬಸ್ಸು ಹೊರಟಿತು.

ಕೊನೆಯ ದಿನ ಹಳೇ ಬಂದರಿನ ಹತ್ತಿರದ ಮೀನೂಟದ ಹೋಟೆಲಿಗೆ ಹೋದೆವು. ಅದು ನನ್ನ ಪಟ್ಟಿಯ ಮೊದಲನೇ ಸಾಲು, ಕೊನೆಗೆಂದು ಉಳಿಸಿಕೊಂಡಿದ್ದೆ. ಬೇಡ ಅನ್ನುತ್ತಿದ್ದರೂ ಹುರಿದ ಮೀನನ್ನು ಬಿಡಿಸಿ ಅವನ ಕುಸುಬಲಕ್ಕಿ ಅನ್ನದ ಮೇಲೆ ಇಟ್ಟೆ. ಎರಡನೇ ತುತ್ತಿಗೆ ನಾಯ್ನ ಕೆಮ್ಮಿ, ಎದ್ದು, ಕೈತೊಳೆಯುವ ಜಾಗಕ್ಕೆ ಓಡಿ ಎಲ್ಲ ಉಗುಳಿದ. ಸುತ್ತ ಕೂತವರು ನೋಡಿದರು. ಅವನು ಮುಖ ಒರೆಸಿಕೊಂಡು ಬಂದು ಕೂತಾಗ ಐದು ದಿನ ತಡೆದುಕೊಂಡಿದ್ದೆಲ್ಲ ನನ್ನ ಬಾಯಿಗೆ ಬಂತು.

"ಇಷ್ಟ ಇಲ್ಲಾಂದ್ರೆ ಇಲ್ಲ ಅನ್ನು. ನಾಕು ಜನದ ಮುಂದೆ ಹಿಂಗೆ ಉಗುಳಬೇಡ. ನನ್ನ ಗಂಡನ ಕಡೆಯವರ ಅನ್ನ ನಿನಗೆ ಇನ್ನೂ ಅಸಹ್ಯ ಅಲ್ವಾ?"

ನಾಯ್ನ ನನ್ನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ, "ಹಂಗಲ್ಲಮ್ಮಾ. ಮೀನಿನ ಮುಳ್ಳು ಸಿಕ್ಕೊಂತು" ಅಂದ.

ನನ್ನ ಕೋಪ ಅಲ್ಲಿಗೇ ಇಳಿಯಿತು. ಗಂಟಲಿಗೆ ಮುಳ್ಳು ಸಿಕ್ಕಿದರೆ ಈ ಊರಿನವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಬರೀ ಅನ್ನವನ್ನು ಗಟ್ಟಿಯಾಗಿ ಉಂಡೆ ಕಟ್ಟಿ, ಅಗಿಯದೆ ನುಂಗಬೇಕು, ಮುಳ್ಳು ಅದರ ಜೊತೆ ಇಳಿಯುತ್ತದೆ. ನಾನೇ ಉಂಡೆ ಕಟ್ಟಿದೆ. "ಮುದ್ದೆ ನುಂಗಿದಂಗೆ ನುಂಗಿಬಿಡು ನಾಯ್ನಾ" ಎಂದು ಅವನ ಬಾಯಿಗೆ ಇಟ್ಟೆ.

ಅವನು ಬೇಡ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ನುಂಗಲು ನೋಡಿದ. ಕತ್ತಿನ ನರ ಉಬ್ಬಿತು, ಕಣ್ಣಿನಿಂದ ನೀರು ಇಳಿಯಿತು. ಇನ್ನೊಂದು ಉಂಡೆ ಕಟ್ಟಿದೆ. ಅದನ್ನೂ ತೆಗೆದುಕೊಂಡ. ಕೊನೆಗೆ ಕೈ ಅಡ್ಡ ಹಿಡಿದು, "ಪೋಯಿಂದಿ" ಅಂದ. ಹೋಯಿತು ಅಂತ. ಅಮ್ಮಾಯೀ ಅನ್ನುವುದು ಬಿಟ್ಟರೆ ಐದು ದಿನದಲ್ಲಿ ಅವನ ಬಾಯಿಂದ ಬಂದ ತೆಲುಗು ಅದೊಂದೇ. ನಾನು ನಿರಾಳವಾಗಿ ನನ್ನ ಊಟ ಮುಗಿಸಿದೆ. ಅವನ ಪಾಲಿನ ಮೀನನ್ನೂ ನಾನೇ ತಿಂದೆ.

ಮಾರನೇ ಬೆಳಿಗ್ಗೆ ಬಸ್ಸು ಹತ್ತುವಾಗ ನನ್ನ ತಲೆ ಸವರಿ, "ಚೆನ್ನಾಗಿ ನೋಡ್ಕೊಂಡೆ ಕಣಮ್ಮಾ" ಅಂದ.

ಮೂರು ತಿಂಗಳ ಮೇಲೆ ನೀರೂ ಇಳಿಯದೆ ಹೋದಾಗ ತಮ್ಮನಿಗೆ ಗೊತ್ತಾಗಿ, ಕಾರಿನಲ್ಲಿ ಮಲಗಿಸಿಕೊಂಡು ಅದೇ ಆಸ್ಪತ್ರೆಗೆ ಕರೆತಂದ. ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಒಂದಿಷ್ಟು ಮೊದಲೇ ಬಂದಿದ್ದರೆ ಎಂದು ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಮಾಡುವಂಥದ್ದು ಏನೂ ಉಳಿದಿರಲಿಲ್ಲ. ವಾಪಸ್ಸು ಊರಿಗೆ ಕರೆದುಕೊಂಡು ಹೋದೆವು. ಹದಿನೆಂಟು ದಿನ ಇದ್ದ.

ತಿಥಿಯೆಲ್ಲ ಮುಗಿದ ಮೇಲೆ ಮಗ್ಗದ ಪಕ್ಕದ ಗೂಡಿನಿಂದ ತಮ್ಮ ಒಂದು ಗ್ರಾಫ್ ಹಾಳೆಯ ಕಟ್ಟು ತೆಗೆದ. ಅದರೊಳಗೆ ನಾಲ್ಕು ಮಡಿಕೆಯಾಗಿ ನನ್ನ ಪಟ್ಟಿ ಇತ್ತು. ಬೀಚು, ದೋಣಿ, ಗುಡ್ಡ, ಎಲ್ಲಕ್ಕೂ ಚೌಕ ತುಂಬಿತ್ತು. ನೀರುದೋಸೆಗೆ ತುಂಬಿತ್ತು. ಗಂಜಿಗೆ, ಎಳನೀರಿಗೆ, ಐಸ್‌ಕ್ರೀಮಿಗೆ ತುಂಬಿತ್ತು. ರೊಟ್ಟಿ ಕೋಳಿ ಸಾರಿಗೆ ಖಾಲಿ. ಗೋಳಿಬಜೆಗೆ ಖಾಲಿ. ಮೀನೂಟಕ್ಕೆ ಖಾಲಿ. ಅಲ್ಲೆಲ್ಲ ನನ್ನ ಜೊತೆ ಕೂತು ತಿಂದಿದ್ದನಲ್ಲ, ತುಂಬಿಸಲು ಮರೆತನೇ ಅಂದುಕೊಂಡೆ. ನಾಯ್ನ ಚೌಕ ಮರೆಯುವ ಮನುಷ್ಯನಲ್ಲ. ಹೊಟ್ಟೆಗೆ ಇಳಿದದ್ದಕ್ಕೆ ಮಾತ್ರ ತುಂಬಿಸಿದ್ದ.

"ನಿನಗ್ಯಾಕೆ ಆಗಲೇ ಹೇಳಲಿಲ್ಲ ಅಂತ ನಾನು ಆಸ್ಪತ್ರೇಲಿ ಬೈದೆ ಅಕ್ಕಾ" ಅಂದ ತಮ್ಮ. "ಅದಕ್ಕೆ ನಾಯ್ನ, ಎಂಟು ವರ್ಷ ಆದ್ಮೇಲೆ ಹೋಗಿದೀನಿ, ಆಸ್ಪತ್ರೆಗೋಸ್ಕರ ಬಂದ್ನಾ ಅಂದ್ಕೊಂಡ್ರೆ ಮಗು ನೊಂದ್ಕೊಂತೈತೆ. ಅವಳೇ ಒಂದ್ಸಲ ಅಲ್ಲಿಗೆ ಕರ್ಕೊಂಡೋಗ್ಲಿ, ಆಗ ಹೇಳಾನ ಅಂತಿದ್ದೆ ಅಂದ."

ಹಾಳೆಯನ್ನು ಪೂರ್ತಿ ಬಿಚ್ಚಿದೆ. ನಾನು ಬರೆದ ಹದಿನಾಲ್ಕು ಸಾಲಿನ ಕೆಳಗೆ ಅವನ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಹದಿನೈದು, ದೊಡ್ಡ ಆಸ್ಪತ್ರೆ. ಮುಂದೆ ಒಂದು ಚೌಕ. ಅದು ಖಾಲಿ ಇತ್ತು.

ಲಾಡ್ಜಿಗೆ ಮರಳಿದ ಮೇಲೆ ಆ ಸಾಲನ್ನು ಸೇರಿಸಿ ಹೊಸ ಪಟ್ಟಿ ಮಾಡಿಸಿದೆ, ಯಾವ ಬಸ್ಸು ಅಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆದೆ. ಊರು ನೋಡಲು ಬಂದವರಿಗೆ ಇದೆಂತಕ್ಕೆ ಎಂದು ಯಜಮಾನರು ಕೇಳಿದರು. ಇರಲಿ ಬಿಡಿ ಅಂದೆ. ಓದಿದವರಲ್ಲಿ ಬಹಳ ಜನ ನಗುತ್ತಾರೆ, ಇದೂ ನೋಡುವ ಜಾಗವಾ ಎಂದು ನನ್ನನ್ನೇ ಕೇಳುತ್ತಾರೆ. ನಾನೂ ನಗುತ್ತೇನೆ. ಯಾರಾದರೂ ನಗದೆ ಆ ಸಾಲನ್ನು ಎರಡನೇ ಸಲ ಓದುವುದು ಕಂಡರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಹತ್ತಿರ ಹೋಗಿ ಕೂರುತ್ತೇನೆ.